ಬೆಳಕಿಗೂ ಒಂದು ಸಾಲು

ಭಾನುವಳ್ಳಿಯಿಂದ ಕಟ್ಟಿಕೊಂಡು ಬಂದ ಮಂಡಕ್ಕಿ ಒಗ್ಗರಣೆ ಅರಸೀಕೆರೆ ಬರುವಷ್ಟರಲ್ಲಿ ಬೋಗಿಯವರೆಲ್ಲರ ಪಾಲಾಗಿತ್ತು. ದಸರಾ ಗದ್ದಲದಲ್ಲಿ ಹರಿಹರದಿಂದ ಸೀಟು ಸಿಕ್ಕಿದ್ದೇ ನನಗೂ ಅಳಿಯನಿಗೂ ದೊಡ್ಡದಾಗಿತ್ತು, ಅದಕ್ಕೆ ಬೇಜಾರಿಲ್ಲ.

ಮೈಸೂರು ಅರಮನೆ ಅಂಗಳ. ಕುರ್ಚಿ ಇಲ್ಲ, ಕಾಲೂರಲೂ ಜಾಗವಿಲ್ಲ. ಕತ್ತಲಾಗುತ್ತಿದ್ದಂತೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹೊತ್ತಿಕೊಳ್ಳುತ್ತವೆ! 1912ರಲ್ಲಿ ಕಟ್ಟಿ ಮುಗಿಸಿದ ಆ ಕಮಾನು, ಗೋಪುರಗಳ ಅಂಚಿಗೆಲ್ಲ ಹೊನ್ನಿನ ಗೆರೆ. ಪೊಲೀಸ್ ಬ್ಯಾಂಡಿನ ಕ್ಲಾರಿನೆಟ್ ಏರುತ್ತದೆ, ಡ್ರಮ್ಮು ಗುಡುಗುತ್ತದೆ. ಬೆಳಕು ಮಾತ್ರ ಮಿಸುಕುವುದಿಲ್ಲ. ಅರಸರ ಮನೆಯ ಬೆಳಕಲ್ಲವೇ, ಅದಕ್ಕೆ ತಾಳ ಹಾಕುವ ದರ್ದಿಲ್ಲ.

ಇಲ್ಲಿನ ಕೊನೆಯ ದೊರೆ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದ ಹುಚ್ಚಿನವರು. ರಷ್ಯದ ಸಂಗೀತಕಾರ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದಲ್ಲಿ ಹಣ ಕೊಟ್ಟವರು. ಮೆಟ್ನರ್ ಓದಿದ ಮಾಸ್ಕೋ ಸಂಗೀತ ಶಾಲೆಯಲ್ಲೇ ಓದಿದ ಸ್ಕ್ರಿಯಾಬಿನ್ 1910ರಲ್ಲಿ ‘ಪ್ರೊಮಿಥಿಯಸ್’ ಎಂಬ ವಾದ್ಯವೃಂದದ ಕೃತಿ ಬರೆದು ಮುಗಿಸಿದ. ಅದರ ಸ್ವರಲಿಪಿಯಲ್ಲಿ ಪಿಟೀಲು, ಕೊಳಲು, ಕಹಳೆ ಎಲ್ಲಕ್ಕಿಂತ ಮೇಲಿನ ಸಾಲು ಬೆಳಕಿನದು! ಆ ಸಾಲು ನುಡಿಸುವ ವಾದ್ಯದ ಮನೆ ಒತ್ತಿದರೆ ನಾದದ ಬದಲು ಬಣ್ಣ ಹೊಮ್ಮಬೇಕು: ‘ಸಿ’ ಕೆಂಪು, ‘ಡಿ’ ಹಳದಿ, ‘ಎ’ ಹಸಿರು. ಮರುವರ್ಷ ಮಾಸ್ಕೋದಲ್ಲಿ ಬೆಳಕಿಲ್ಲದೆಯೇ ನುಡಿಸಿದರು. 1915ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಬಣ್ಣ ಪರದೆಗೆ ಬಿತ್ತು. ನೋಡಲು ಪಾಪ, ಅವನೇ ಅಲ್ಲಿರಲಿಲ್ಲ.

ಮರುದಿನ ಸಂಜೆ ಕನ್ನಂಬಾಡಿ ಕಟ್ಟೆಯ ಬೃಂದಾವನ. ಸಂಗೀತ ಕಾರಂಜಿಗೆ ಕಾದೂ ಕಾದೂ ಸೊಳ್ಳೆಗಳಿಗೆ ಊಟವಾಗಿದ್ದೇವೆ. ಹಾಡು ಶುರು. ಕೆಂಪು ಬುಡದಿಂದ ನೀರಿನೊಳಗೇ ಹತ್ತುತ್ತದೆ. ತುದಿಯಲ್ಲಿ ನೀರು ಒಡೆದು ಹನಿಯಾಗುವಲ್ಲಿ ಕೆಂಪು ತೆಳುವಾಗಿ ಬೆಳ್ಳಗಾಗುತ್ತದೆ. ಗಾಳಿ ತಿರುಗಿದ್ದೇ ತಡ, ನಮ್ಮ ಸಾಲೆಲ್ಲ ತೊಯ್ದು ತೊಪ್ಪೆ. ಕನ್ನಡಕದ ಮೇಲಿನ ಒಂದೊಂದು ಹನಿಯಲ್ಲೂ ಒಂದೊಂದು ಪುಟ್ಟ ಕಾರಂಜಿ. ಆದರೆ ಡ್ರಮ್ಮಿನ ಏಟು ಬಿದ್ದು ಅರೆಗಳಿಗೆಯ ಮೇಲೆ ನೀರು ಏರುತ್ತದಲ್ಲ, ಅದು ಯಾಕೋ ಕಣ್ಣಿಗೆ ಚುಚ್ಚುತ್ತದೆ. ನೀರಿಗೆ ಭಾರವಿದೆ, ಏನು ಮಾಡೀತು?

“ನಮ್ ಕಡಿ ಜಾತ್ರಿ ಆರ್ಕೆಸ್ಟ್ರಾನೇ ವಾಸಿ ಬಿಡ್ರಿ ಮಾವ,” ಅಂದ ಅಳಿಯ.

ನಿಜವೇ. ಅಲ್ಲಿ ಸ್ಟೇಜಿನ ಪಕ್ಕ ಲೈಟ್ ಬೋರ್ಡಿಗೆ ಕೂತ ಹುಡುಗ ರಿದಮ್ ಪ್ಯಾಡಿಗೆ ಕಿವಿಗೊಟ್ಟು, ಏಟು ಬೀಳುವ ಹೊತ್ತಿಗೆ ಸರಿಯಾಗಿ ಕೆಂಪು ಒತ್ತುತ್ತಾನೆ, ಪಲ್ಲವಿಗೆ ನೀಲಿಗೆ ಇಳಿಯುತ್ತಾನೆ. ಸ್ಕ್ರಿಯಾಬಿನ್ ಬರೆದ ಮೇಲಿನ ಸಾಲನ್ನು ಅವನು ಕಾಗದವಿಲ್ಲದೆ ನುಡಿಸುತ್ತಾನೆ. ನಿರೂಪಕ ಮಾತ್ರ ಗಾಯಕರ, ಕೀಬೋರ್ಡಿನವರ ಹೆಸರೆಲ್ಲ ಕೂಗಿ ಇವನನ್ನು ಬಿಟ್ಟೇಬಿಡುತ್ತಾನೆ. ಇದನ್ನು ಅಳಿಯನಿಗೆ ಹೇಳುವಷ್ಟರಲ್ಲಿ ಕೊನೆ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಒದ್ದೆ ಬಟ್ಟೆಯಲ್ಲೇ ಓಡಿದೆವು.