ಹೇರೂ ಮನೆಯೂ

ನಿಂತ ನೆಲದ ಮೇಲೆ ಕಟ್ಟಿದುದೇ ಮನೆಯೆಂದು ಒಕ್ಕಲುತನದ ಜನರು ನಂಬುವುದು ಸಹಜ. ಆದರೆ ನಡೆಯುತ್ತಲೇ ಸಂಸಾರ ಹೂಡಿದ ಜನರೂ ಈ ನಾಡಿನಲ್ಲಿದ್ದರು. ಶಿಕಾರಿಪುರ, ಸೊರಬ ಸೀಮೆಯ ತಾಂಡಗಳಲ್ಲಿ ಇಂದು ನೆಲೆಸಿರುವ ಲಂಬಾಣಿಗಳ ಪೂರ್ವಿಕರು ಅಂಥವರು. ಸೇವಾಲಾಲರು 1739ರಲ್ಲಿ ಜನಿಸಿದರೆಂದು ಸಂಪ್ರದಾಯವು ಹೇಳುವ ಸೂರಗೊಂಡನಕೊಪ್ಪವು ಶಿಕಾರಿಪುರಕ್ಕೆ ಬಹು ದೂರದ ಸ್ಥಳವಲ್ಲ.

ಇವರ ಕಸುಬಿಗೆ ಲದೇಣಿಯೆಂದು ಹೆಸರು. ಒಳನಾಡಿನ ದವಸವನ್ನು ಎತ್ತಿನ ಬೆನ್ನಿಗೆ ಹೇರಿ ಘಟ್ಟವಿಳಿಯುವುದು, ಕರಾವಳಿಯ ಉಪ್ಪನ್ನು ಹೇರಿಕೊಂಡು ಘಟ್ಟವೇರುವುದು. 1791–92ರ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರೂ ಇವರೇ. ಇಷ್ಟು ದೊಡ್ಡ ವ್ಯಾಪಾರವನ್ನು ನಡೆಯಿಸಿದವರು ಗಂಡಸರು ಮಾತ್ರವಲ್ಲ. ಹೇರು ಕಟ್ಟುವಾಗ ಹೆಂಗಸು ಕೈಜೋಡಿಸಿದಳು. ಎತ್ತುಗಳ ಹಿಂದೆ ನಡೆದಳು. ಸಂಜೆ ಹೇರಿಳಿಸಿದ ಮೇಲೆ ಗೋಡೆಯಂತೆ ಒಟ್ಟಿದ ಚೀಲಗಳ ಮರೆಯಲ್ಲಿ ಒಲೆ ಹೂಡಿದಳು. ಹಗಲು ಹೊರೆಯಾಗಿದ್ದ ಸರಕೇ ಇರುಳು ಮನೆಯಾಗುತ್ತಿತ್ತು. ಮೇಯುತ್ತ ನಡೆಯುವ ಎತ್ತಿಗೆ ಅವಸರವಿಲ್ಲ. ಕೂಸಿಗೂ ಮುದುಕಿಗೂ ಆ ನಡೆಯಲ್ಲಿ ಎಡೆಯಿತ್ತು. ಆ ಬಾಳು ಸುಖಮಯವಾಗಿತ್ತೆಂದಲ್ಲ. ಕ್ಷಾಮವಿತ್ತು, ಕಾಡುಮೃಗದ ಭಯವಿತ್ತು. ಆದರೆ ದಾರಿಯ ಕಷ್ಟವನ್ನು ಗಂಡಹೆಂಡಿರು ಒಂದೆಡೆಯಲ್ಲಿದ್ದು ಅನುಭವಿಸಿದರು.

ಬಂಡಿಯ ಹಾದಿಗಳು ಘಟ್ಟವನ್ನು ಸೀಳಿದವು. ಬೀರೂರಿನಿಂದ ಹೊರಟ ರೈಲು 1899ರಲ್ಲಿ ಶಿವಮೊಗ್ಗೆಗೂ 1940ರಲ್ಲಿ ತಾಳಗುಪ್ಪಕ್ಕೂ ಬಂದು ಮುಟ್ಟಿತು. ಒಂದು ಡಬ್ಬಿಯಲ್ಲಿ ನೂರಾರು ಎತ್ತುಗಳ ಹೇರು ಹಿಡಿಯುವಾಗ ಲದೇಣಿ ಉಳಿಯುವುದೆಂತು? ಅದನ್ನೇ ನಂಬಿದ್ದವರು ಬೇಸಾಯಕ್ಕೋ ಕೂಲಿಗೋ ಇಳಿದರು. ಆ ರೈಲಿನ ಹಾದಿಯಾದರೋ ಶಿಕಾರಿಪುರವನ್ನೂ ಸೊರಬವನ್ನೂ ಪಕ್ಕಕ್ಕೆ ಬಿಟ್ಟು ಆನಂದಪುರ, ಸಾಗರಗಳ ಮೇಲೆ ಹೋಯಿತು. ಆದಕಾರಣ ಇಲ್ಲಿಯ ಸರಕೆಲ್ಲವೂ ಕಾಲಕ್ರಮದಲ್ಲಿ ಲಾರಿಯ ಪಾಲಾಯಿತು. ಎತ್ತಿನ ಕೆಲಸಕ್ಕೆ ಲಾರಿ ವಾರಸುದಾರನಾಯಿತೇ ಹೊರತು ಎತ್ತಿನ ಹಿಂದೆ ನಡೆದವಳಿಗೆ ಅದರಲ್ಲಿ ಸ್ಥಳ ದೊರೆಯಲಿಲ್ಲ. ಗಂಡ ದಾರಿಯಲ್ಲಿ, ಹೆಂಡತಿ ತಾಂಡದಲ್ಲಿ. ನಡುವೆ ದಿನವೆಣಿಸುವ ಕೆಲಸವೊಂದು ಹೊಸದಾಗಿ ಹುಟ್ಟಿತು.

ಎಲ್ಲೋ ಅಪರೂಪಕ್ಕೆ ಹೆಂಡತಿಯೂ ಲಾರಿಯೇರುವುದುಂಟು. ಶಿರಾಳಕೊಪ್ಪದ ಬಳಿಯ ತಾಂಡವೊಂದರ ದಂಪತಿಗಳು ಅಂಥವರು. ಇರುವುದು ಸಾಲದ ಲಾರಿ ಒಂದು. ಕ್ಲೀನರನಿಗೆ ಸಂಬಳ ಕೊಟ್ಟರೆ ಕಂತು ಹುಟ್ಟದು. ಮಕ್ಕಳಿಬ್ಬರನ್ನು ಅಜ್ಜಿಯ ಬಳಿ ಬಿಟ್ಟು, ಸುಗ್ಗಿಯಲ್ಲಿ ಶಿಕಾರಿಪುರದ ಮೆಕ್ಕೆಜೋಳವನ್ನೋ ಸೊರಬದ ಶುಂಠಿಯನ್ನೋ ತುಂಬಿಕೊಂಡು, ಆನವಟ್ಟಿ, ಹಾನಗಲ್ಲು, ತಡಸದ ಮಾರ್ಗವಾಗಿ ಹೆದ್ದಾರಿ ಸೇರುತ್ತಾರೆ. ತಾಡಪಾಲು ಹೊದಿಸಿ ಹಗ್ಗ ಬಿಗಿಯುವಾಗ ಇನ್ನೊಂದು ತುದಿ ಹಿಡಿಯುವವಳು ಆಕೆ. ಡೀಸೆಲಿನ, ಸುಂಕದ, ಹಮಾಲಿಯ ಲೆಕ್ಕ ಆಕೆಯ ಚೀಟಿಯಲ್ಲಿ. ಲಾರಿ ಹಿಂದೆಗೆಯುವಾಗ ಕೆಳಗಿಳಿದು ಕೂಗುವವಳೂ, ನಡುರಾತ್ರಿ ಆತನ ಕಣ್ಣು ಮುಚ್ಚದಂತೆ ಮಾತನಾಡಿಸುವವಳೂ ಆಕೆಯೇ. ರಾತ್ರಿ ಎಂಟಕ್ಕೆ ಫೋನಿನಲ್ಲಿ ಮಕ್ಕಳ ಪಾಠ ಕೇಳುತ್ತಾಳೆ. ಕಿರಿಯವಳು ಅತ್ತ ದಿನ ಆತನೂ ಆಕೆಯೂ ಬಹಳ ಹೊತ್ತು ಮಾತನಾಡುವುದಿಲ್ಲ. ನಸುಕಿನಲ್ಲಿ ಪೆಟ್ರೋಲು ಬಂಕಿನ ಹಿಂದೆ ಗಂಡಸರು ತೊಟ್ಟಿಯ ಬಳಿ ನಿಂತು ಸ್ನಾನ ಮಾಡುತ್ತಾರೆ. ಆಕೆಗೆ ಅದು ಸಲ್ಲದು. ಅಗುಳಿಯಿರುವ ಬಾಗಿಲು ಮುಂದೆ ಎಲ್ಲಿ ಸಿಕ್ಕೀತೋ ತಿಳಿಯದೆ, ಮಧ್ಯಾಹ್ನದಿಂದಾಚೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಪಕ್ಕದಲ್ಲಿ ತುಂಬಿದ ಬಿಂದಿಗೆಯಿದ್ದರೂ ತುಟಿ ಒಣಗಿರುತ್ತದೆ.

ಕಾನೂನು ಚಾಲಕನನ್ನು ಮರೆತಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆಯ ದುಡಿಮೆಯನ್ನೂ, 5 ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತು. ಆದರೆ ಐವರು ಕೆಲಸಗಾರರಾದರೂ ಇಲ್ಲದ ಉದ್ಯಮಕ್ಕೆ ಅದರ ನೆರಳು ಬೀಳಲಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಲ್ಲಿ ಚಾಲಕನ ಗೂಡಿಗೆ ತಂಪುಯಂತ್ರ ಕಡ್ಡಾಯವೆಂದು ಸರಕಾರ ವಿಧಿಸಿದೆ. ಒಳ್ಳೆಯದೇ. ಆದರೆ ಪಕ್ಕದಲ್ಲಿ ಕುಳಿತವಳು ಕಾನೂನಿನ ಕಣ್ಣಿಗೆ ಯಾರು? ಚಾಲಕನಿಗೆ, ಸಂಬಳದ ಕ್ಲೀನರನಿಗೆ, ಸರಕಿನೊಡನೆ ಬಂದ ಅದರ ಒಡೆಯನಿಗೆ ವಿಮೆಯಲ್ಲಿ ಸ್ಥಾನವುಂಟು. ಸರಕಿನ ವಾಹನದಲ್ಲಿ ಪುಕ್ಕಟೆ ಕುಳಿತ ಪ್ರಯಾಣಿಕರಿಗೆ ಕಡ್ಡಾಯ ವಿಮೆಯ ರಕ್ಷಣೆಯಿಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹಗ್ಗ ಬಿಗಿದವಳು, ಲೆಕ್ಕ ಬರೆದವಳು, ನಿದ್ದೆಗೆಟ್ಟವಳು ಸಂಬಳದ ಪಟ್ಟಿಯಲ್ಲಿಲ್ಲ. ಆದಕಾರಣ ಆಕೆ ಪುಕ್ಕಟೆ ಪ್ರಯಾಣಿಕಳು. ದಾರಿಯಲ್ಲಿ ಅನಾಹುತವಾದರೆ ಶುಂಠಿಯ ಮೂಟೆಗೆ ಇರಬಹುದಾದ ಬೆಲೆಯೂ ಆಕೆಗೆ ದೊರೆಯದೆ ಹೋದೀತು. ಕಂತು ಕಟ್ಟಲೆಂದು ಮನೆ ಬಿಟ್ಟವಳ ಮಕ್ಕಳಿಗೆ ಆಗ ಉಳಿಯುವುದು ಸಾಲವೊಂದೇ.

ಎತ್ತಿನ ಕಾಲ ಮರಳಲಿ ಎಂದು ಹಾರೈಸುವುದು ವಿವೇಕವಲ್ಲ. ಹೇರಿನ ಮೇಲೆ ಬೆಳೆದ ಕೂಸಿಗೆ ಅಕ್ಷರವಿರಲಿಲ್ಲ. ತಾಂಡದಲ್ಲಿ ಉಳಿದ ಈ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಹೋಗಲೇಬೇಕು. ಆದರೆ ಹಿಂದಿನವರು ಅರಿತಿದ್ದುದೊಂದನ್ನು ಇಂದಿನ ದಾರಿ ಮರೆತಿದೆ: ಸರಕಿನೊಡನೆ ಸಂಸಾರವೂ ಸಾಗುತ್ತದೆ. ಲಾರಿಗಳು ತಂಗುವೆಡೆಯಲ್ಲೆಲ್ಲ ಅಗುಳಿಯುಳ್ಳ ಸ್ನಾನದ ಕೋಣೆಯೊಂದು ಹೆಂಗಸರಿಗಾಗಿ ಇರಲಿ; ಒಂಟಿ ಲಾರಿಯ ವಿಮೆಯ ಪತ್ರದಲ್ಲಿ ಜೊತೆಗೆ ದುಡಿಯುವ ಹೆಂಡತಿಯ ಹೆಸರಿಗೂ ಒಂದು ಸಾಲು ಇರಲಿ. ಇಷ್ಟಾದರೆ, ಬಾಯಾರಿದ ಮಧ್ಯಾಹ್ನದಲ್ಲಿ ಆಕೆ ಅಂಜದೆ ನೀರು ಕುಡಿದಾಳು.