ಎರಡು ಗೆರೆಯ ಸಂಬಂಧ

ಮಗು ಹುಟ್ಟಿದ ಮನೆಯಲ್ಲಿ ಮೂಗು ಅಜ್ಜಿಯದು, ಹಣೆ ಸೋದರಮಾವನದು ಎಂದು ಹೋಲಿಕೆ ಹುಡುಕುವ ಮಾತಿನಲ್ಲಿಯೇ ಅನುವಂಶೀಯತೆಯ ಅರ್ಧ ತಿಳಿವಳಿಕೆ ಇದೆ. ಯಾರ ಮುಖದಲ್ಲೂ ಕಾಣದೆ ತಲೆಮಾರುಗಳನ್ನು ದಾಟಿ ಬರುವ ಗುಣಗಳ ಲೆಕ್ಕ ಉಳಿದ ಅರ್ಧ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಆಪ್ತಸಮಾಲೋಚನೆಗೆ ಬರುವ ದಂಪತಿಗಳ ಮುಂದೆ ಈ ಲೆಕ್ಕ ವಂಶವೃಕ್ಷವಾಗಿ ಒಂದು ಹಾಳೆಯ ಮೇಲೆ ಮೂಡುತ್ತದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇರುವವರಿಗೆ ಪೂರ್ತಿ ಕಪ್ಪು. ಗಂಡಹೆಂಡಿರ ನಡುವೆ ಒಂದು ಅಡ್ಡಗೆರೆ, ಅವರು ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಎರಡು.

ಕರ್ನಾಟಕದ ಹಾಳೆಗಳಲ್ಲಿ ಈ ಜೋಡಿಗೆರೆ ಅಪರೂಪದ್ದಲ್ಲ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು ರಾಜ್ಯದ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದಾಗ, ತಂದೆತಾಯಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸಂಬಂಧದೊಳಗೇ ಮದುವೆಯಾದವರು ಎಂಬುದು ಕಂಡುಬಂದಿತು. ಅದರಲ್ಲಿಯೂ ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ಎದ್ದು ಕಾಣುತ್ತಿತ್ತು.

ಜೀನ್ ಎಂದರೆ ದೇಹದ ಒಂದು ಕೆಲಸಕ್ಕೆ ಬೇಕಾದ ಸೂಚನೆ. ಅದು ಪ್ರತಿಯೊಬ್ಬರಲ್ಲೂ ಸಾಮಾನ್ಯವಾಗಿ ಎರಡು ಪ್ರತಿಗಳಲ್ಲಿ, ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದಿರುತ್ತದೆ. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುವಂಥ ದೋಷವನ್ನು ದುರ್ಬಲ ಗುಣವೆಂದೂ, ಅದನ್ನು ಹೊತ್ತೂ ಆರೋಗ್ಯವಾಗಿರುವವರನ್ನು ವಾಹಕರೆಂದೂ ಕರೆಯುತ್ತಾರೆ. ಅನುವಂಶೀಯತೆಯ ಈ ಲೆಕ್ಕಕ್ಕೆ ತಳಹದಿ ಹಾಕಿದ, 1866ರಲ್ಲಿ ಪ್ರಕಟವಾದ ಮೆಂಡೆಲನ ಪ್ರಬಂಧದಲ್ಲಿ ಎರಡನೆಯ ಪೀಳಿಗೆಯ 7,324 ಬಟಾಣಿ ಕಾಳುಗಳ ಪೈಕಿ 5,474 ದುಂಡಗೂ 1,850 ಸುಕ್ಕಾಗಿಯೂ ಇದ್ದವು. ಹಿಂದಿನ ಪೀಳಿಗೆಯಲ್ಲಿ ಒಂದೂ ಕಾಣದಿದ್ದ ಸುಕ್ಕು ನಾಲ್ಕರಲ್ಲೊಂದಾಗಿ ಮರಳಿತ್ತು. ಇಬ್ಬರೂ ವಾಹಕರಾದ ದಂಪತಿಗಳಿಗೂ ಇದೇ ಪಾಲು ಅನ್ವಯಿಸುತ್ತದೆ, ಆದರೆ ಮೊದಲ ಮಗುವಿಗೆ ಬಂದುಹೋಯಿತು, ಇನ್ನು ಮೂರಕ್ಕೆ ಭಯವಿಲ್ಲ ಎಂಬ ಅರ್ಥದಲ್ಲಿ ಅಲ್ಲ. ಪ್ರತಿ ಬಸಿರಿಗೂ ಆ ನಾಲ್ಕರಲ್ಲೊಂದು ಹೊಸದಾಗಿಯೇ ಶುರುವಾಗುತ್ತದೆ.

ಸಂಬಂಧದ ಕನ್ನಡ ಪದಗಳಿಗೂ ಜೀನುಗಳ ಲೆಕ್ಕಕ್ಕೂ ಹೊಂದದ ಜಾಗ ಒಂದಿದೆ. ಚಿಕ್ಕಪ್ಪನ ಮಗಳು ತಂಗಿಯಾದುದರಿಂದ ಅವಳೊಡನೆ ಮದುವೆಯ ಮಾತೇ ಏಳುವುದಿಲ್ಲ, ಸೋದರತ್ತೆಯ ಮಗಳಾದರೆ ಹುಟ್ಟಿದಂದಿನಿಂದಲೇ ಮನೆಗೆ ಸೊಸೆ. ಆದರೆ ಇಬ್ಬರೊಡನೆಯೂ ಹಂಚಿಕೊಂಡ ಜೀನುಗಳು ಸರಾಸರಿ ಎಂಟರಲ್ಲಿ ಒಂದು ಪಾಲು, ಅಕ್ಕನ ಮಗಳೊಡನೆ ನಾಲ್ಕರಲ್ಲಿ ಒಂದು ಪಾಲು. ಗೋತ್ರ ತಂದೆಯ ಕಡೆಯಿಂದ ಮಾತ್ರ ಎಣಿಸುತ್ತದೆ, ಜೀನು ಎರಡೂ ಕಡೆಯಿಂದ ಎಣಿಸುತ್ತದೆ. ಹಾಗೆಂದು ಈ ಮದುವೆಗಳೆಲ್ಲ ಕೇಡನ್ನೇ ತರುತ್ತವೆ ಎನ್ನುವುದು ತಪ್ಪು, ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಹೆಚ್ಚುವುದು ಒಬ್ಬನೇ ಹಿರಿಯನಿಂದ ಹರಿದುಬಂದ ಒಂದೇ ದೋಷ ಎರಡು ದಾರಿಯಿಂದ ಒಂದೇ ಮಗುವಿನಲ್ಲಿ ಕೂಡುವ ಸಂಭವ. ದುರ್ಬಲ ಗುಣದ ಇಂಥ ಕಾಯಿಲೆಯಲ್ಲಿ ಕೆಟ್ಟ ಪ್ರತಿ ಇಬ್ಬರಿಂದಲೂ ಒಂದೊಂದು ಬರಬೇಕಾದುದರಿಂದ, ಹೆತ್ತವಳ ಹೊಟ್ಟೆಯ ದೋಷವೆಂದು ಸೊಸೆಯೊಬ್ಬಳನ್ನೇ ದೂರುವ ಮಾತಿಗೆ ಆ ಹಾಳೆಯಲ್ಲಿ ಎಲ್ಲಿಯೂ ಆಧಾರವಿಲ್ಲ. ಇದನ್ನು ಅತ್ತೆಮಾವಂದಿರ ಎದುರಿನಲ್ಲೇ ಬಿಡಿಸಿ ಹೇಳುವುದು ಪರೀಕ್ಷೆಯ ವರದಿಯಷ್ಟೇ ಮುಖ್ಯವಾದ ಚಿಕಿತ್ಸೆ.

ಕಪ್ಪು ತುಂಬಿದ ಚೌಕದ ಪಕ್ಕದಲ್ಲಿ ಸಾಮಾನ್ಯವಾಗಿ ಇನ್ನೊಂದು ವೃತ್ತವಿರುತ್ತದೆ, ಆರೋಗ್ಯವಾಗಿರುವ ತಂಗಿಯದು. ಕಾಯಿಲೆ ಅವಳಿಗೆ ಬಂದಿಲ್ಲ, ಆದರೆ ಅವಳು ವಾಹಕಳಾಗಿರುವ ಸಂಭವ ಮೂರರಲ್ಲಿ ಎರಡು. ತಾಯಿಯ ತಮ್ಮನಿಗೆ ಅವಳನ್ನು ಕೊಡುವ ಮಾತು ಮನೆಯಲ್ಲಿ ನಡೆದಿದ್ದರೆ, ಅವನೂ ವಾಹಕನಾಗಿರುವ ಸಂಭವ ಎರಡರಲ್ಲಿ ಒಂದು. ದೋಷವಿರುವ ಜೀನು ಯಾವುದೆಂದು ಅಣ್ಣನ ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ, ಆ ಇಬ್ಬರ ರಕ್ತದ ಒಂದೊಂದು ಮಾದರಿಯಿಂದ ಆ ವೃತ್ತವೂ ಅವನ ಚೌಕವೂ ಖಾಲಿಯೋ, ವಾಹಕರ ಗುರುತಾದ ಅರ್ಧ ಕಪ್ಪೋ ಎಂಬುದು ಲಗ್ನಪತ್ರಿಕೆ ಬರೆಸುವ ಮೊದಲೇ ತಿಳಿಯುತ್ತದೆ.