ಓದುವ ಯಂತ್ರ ಎರವಲು ಸಿಕ್ಕಾಗ

ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ, ಎದುರು ಮನೆಯಿಂದ ಇಡ್ಲಿ ಪಾತ್ರೆ ಎರವಲು ತರುವುದು ನಮಗೆ ಹೊಸದಲ್ಲ. ಲೈಬ್ರರಿಯಿಂದ ಕಾದಂಬರಿ ತಂದು ಮನೆಮಂದಿಯೆಲ್ಲ ಸರದಿಯ ಮೇಲೆ ಓದಿ ಮುಗಿಸುವುದೂ ಹೊಸದಲ್ಲ. ಆದರೆ ಲೈಬ್ರರಿಯವರು ಪುಸ್ತಕದ ಬದಲು ಪುಸ್ತಕ ಓದುವ ಯಂತ್ರವನ್ನೇ ಎರವಲು ಕೊಡುತ್ತಾರೆ ಎಂದರೆ? ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದ ಮಗಳ ಜೊತೆ 2010ರ ಆರಂಭದಲ್ಲಿ ನಾಲ್ಕು ತಿಂಗಳು ಇದ್ದಾಗ ಅದನ್ನು ಕಣ್ಣಾರೆ ಕಂಡೆ.

ಇ-ರೀಡರ್ ಎಂದು ಅದರ ಹೆಸರು. ನೋಡಲು ನಮ್ಮ ಕಾಲದ ಸ್ಲೇಟಿನ ಹಾಗೆ. ಒಳಗೆ ನೂರಾರು ಪುಸ್ತಕ ಹಿಡಿಯುತ್ತವೆ. ತೆರೆಯ ತುಂಬ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳು; ಒಂದೊಂದರಲ್ಲೂ ಬಿಳಿಯ ಕಣ, ಕರಿಯ ಕಣ. ವಿದ್ಯುತ್ತು ತಾಗಿದಾಗ ಕರಿಯ ಕಣಗಳು ಮೇಲೆ ಬಂದ ಕಡೆ ಅಕ್ಷರ ಮೂಡುತ್ತದೆ. ಪುಟ ತಿರುವುವಾಗ ಮಾತ್ರ ವಿದ್ಯುತ್ತು ಬೇಕಾದ್ದರಿಂದ ಒಮ್ಮೆ ಚಾರ್ಜು ಮಾಡಿದರೆ ದಿನಗಟ್ಟಲೆ ನಡೆಯುತ್ತದೆ. ಕಣ್ಣಿಗೆ ಕುಕ್ಕುವುದೂ ಇಲ್ಲ. ಇಂಥವುಗಳಲ್ಲಿ ಹೆಸರುವಾಸಿಯಾದ ಕಿಂಡಲ್ 2007ರ ನವೆಂಬರಿನಲ್ಲಿ ಬಂದಾಗ ಬೆಲೆ 399 ಡಾಲರ್. 2009ರಲ್ಲಿ ಬಂದ ದೊಡ್ಡ ತೆರೆಯ ಕಿಂಡಲ್ ಡಿಎಕ್ಸ್‌ಗೆ 489 ಡಾಲರ್. ಓದುವ ಮಕ್ಕಳಿಗೆ ಎಟಕುವ ಬೆಲೆಯೇ? ಅದಕ್ಕೇ ಲೈಬ್ರರಿಯ ಎರವಲು.

ಮಗಳ ಲೈಬ್ರರಿಯಲ್ಲಿ ಎರಡು ವಾರದ ಗಡುವು. ಯಂತ್ರ, ಚಾರ್ಜರು, ಚೀಲ ಮೂರನ್ನೂ ಎಣಿಸಿ ಕೊಟ್ಟು, ಕಳೆದರೆ ಬೆಲೆ ತೆರುತ್ತೇನೆಂದು ರುಜು ಹಾಕಿಸಿಕೊಳ್ಳುತ್ತಿದ್ದರು. ವಾಪಸು ಬಂದ ಮೇಲೆ ಹಿಂದಿನವರು ಹಾಕಿದ ಗುರುತು, ಅಡಿಗೆರೆಗಳನ್ನು ಅಳಿಸಿ ಮುಂದಿನವರಿಗೆ ಸಿದ್ಧಮಾಡಬೇಕು. ಐವತ್ತು ಪುಸ್ತಕ ತುಂಬಿದ ಯಂತ್ರವನ್ನು ಒಂದೇ ಪುಸ್ತಕಕ್ಕಾಗಿ ಒಯ್ದರೂ ಉಳಿದ ನಲವತ್ತೊಂಬತ್ತು ಅದರ ಜೊತೆಗೇ ಹೊರಟುಬಿಡುತ್ತವೆ. ಹಾಗಾಗಿ ಸರದಿಗೆ ಕಾಯುವವರು ಯಾವಾಗಲೂ ಇದ್ದೇ ಇರುತ್ತಿದ್ದರು.

ನನ್ನ ಮಗಳಿಗೆ ಹುಟ್ಟಿನಿಂದಲೇ ದೃಷ್ಟಿ ಮಂದ. ದಪ್ಪ ಗಾಜಿನ ಕನ್ನಡಕ ಹಾಕಿದರೂ ಪುಸ್ತಕ ಮೂಗಿಗೆ ತಾಗಬೇಕು. ಶಾಲೆಯಲ್ಲಿ "ಸೋಡಾಬುಡ್ಡಿ" ಎಂದು ಕರೆಸಿಕೊಂಡ ಹುಡುಗಿ. ಹೈಸ್ಕೂಲು ಮುಗಿಯುವವರೆಗೂ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಕೂತು ಅವಳ ಪಾಠಗಳನ್ನು ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡುತ್ತಿದ್ದೆ. ಈ ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಅಕ್ಷರ ಹಿಗ್ಗುತ್ತಿತ್ತು! "ಅಮ್ಮಾ, ಕತ್ತು ನೋವೇ ಇಲ್ಲ ನೋಡು" ಎಂದು ಕುರ್ಚಿಗೆ ಒರಗಿ ಓದುತ್ತಿದ್ದ ಅವಳನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಅದೇ ತರಗತಿಯಲ್ಲಿ ಅವಳ ಗೆಳತಿ ಒಬ್ಬಳಿದ್ದಳು. ಅಮೆರಿಕದ ಹುಡುಗಿ, ಪೂರ್ತಿ ಅಂಧಳು. ತನ್ನ ಕಂಪ್ಯೂಟರು ಓದಿ ಹೇಳಿದ್ದನ್ನು ಕೇಳಿಕೊಂಡು ನಮ್ಮವಳಿಗಿಂತ ಚುರುಕಾಗಿ ಪಾಠ ಮಾಡಿಕೊಳ್ಳುತ್ತಿದ್ದಳು. ಆದರೆ ಆ ಸಲದ ಪಠ್ಯಗಳನ್ನು ಲೈಬ್ರರಿ ಈ ಯಂತ್ರಗಳಲ್ಲೇ ತುಂಬಿಸಿತ್ತು. ಯಂತ್ರಕ್ಕೆ ದನಿಯೇನೋ ಇತ್ತು. ಪುಸ್ತಕ ತೆರೆದುಕೊಟ್ಟರೆ ಗಟ್ಟಿಯಾಗಿ ಓದುತ್ತಿತ್ತು. ಪುಸ್ತಕ ಆರಿಸುವ ಪಟ್ಟಿಯನ್ನು ಮಾತ್ರ ಓದುತ್ತಿರಲಿಲ್ಲ. ಎಲೆ ಹಾಕಿ ಬಡಿಸಿದ್ದಾರೆ, ಬಾಗಿಲಿನ ಚಿಲಕ ಮಾತ್ರ ಸಿಗದು ಎನ್ನುವ ಸ್ಥಿತಿ ಅವಳದು.

ಸಂಜೆ ಹೊತ್ತು ನಮ್ಮವಳು ಅಕ್ಷರ ದೊಡ್ಡದು ಮಾಡಿಕೊಂಡು ಅವಳಿಗೆ ಓದಿ ಹೇಳತೊಡಗಿದಳು. ಒಂದು ದಿನ ಆ ಹುಡುಗಿ ನಗುತ್ತಲೇ ಕೇಳಿದಳು: "ನೀನು ಓದಿ ಹೇಳ್ತೀಯ, ಸಂತೋಷ. ಆದ್ರೆ ರಾತ್ರಿ ಎರಡು ಗಂಟೆಗೆ ನನಗೆ ಅನುಮಾನ ಬಂದ್ರೆ ನಿನ್ನನ್ನ ಎಬ್ಬಿಸ್ಲಾ?" ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಅವಳು ಲೈಬ್ರರಿಗೆ ಬರೆದು, ಕಂಪ್ಯೂಟರು ಓದಬಲ್ಲ ಪಠ್ಯ ತರಿಸಿಕೊಳ್ಳುವ ಹೊತ್ತಿಗೆ ಪರೀಕ್ಷೆಗೆ ಒಂಬತ್ತೇ ದಿನ ಉಳಿದಿತ್ತು.

ಇದು ಅವಳೊಬ್ಬಳ ಪಾಡಲ್ಲ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ಕಿಂಡಲ್ ಡಿಎಕ್ಸ್‌ನಲ್ಲಿ ಪಾಠ ಓದಿಸಲು ಹೊರಟಾಗ, 2009ರ ಜೂನಿನಲ್ಲಿ ಅಂಧರ ಎರಡು ರಾಷ್ಟ್ರೀಯ ಸಂಘಗಳೂ ಅಲ್ಲಿನ ಒಬ್ಬ ಅಂಧ ವಿದ್ಯಾರ್ಥಿಯೂ ಕೋರ್ಟಿಗೆ ಹೋದರು. 2010ರ ಜನವರಿಯಲ್ಲಿ ರಾಜಿಯಾಯಿತು: ಮುಂದೆ ಇಂಥ ಯಂತ್ರ ಬಳಸುವುದಾದರೆ ಅಂಧರಿಗೂ ಬಳಸಲು ಬರುವಂಥದ್ದಕ್ಕೆ ಪ್ರಯತ್ನಿಸುವುದಾಗಿ ವಿಶ್ವವಿದ್ಯಾಲಯ ಒಪ್ಪಿತು. ಕೇಸ್ ವೆಸ್ಟರ್ನ್, ಪೇಸ್, ರೀಡ್ ವಿದ್ಯಾಸಂಸ್ಥೆಗಳೂ ಅದೇ ತಿಂಗಳು ಸರ್ಕಾರದ ನ್ಯಾಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡವು. ಜೂನಿನಲ್ಲಿ ನ್ಯಾಯ, ಶಿಕ್ಷಣ ಇಲಾಖೆಗಳು ಇದೇ ವಿಷಯವಾಗಿ ಕಾಲೇಜು ಮುಖ್ಯಸ್ಥರಿಗೆ ಪತ್ರ ಬರೆದವು. ಆಗಸ್ಟಿನಲ್ಲಿ ಬಂದ ಹೊಸ ಕಿಂಡಲ್ ಪಟ್ಟಿಯನ್ನೂ ಓದಿ ಹೇಳುತ್ತಿತ್ತು! ಕೇಳುವವರು ಕೇಳಿದರೆ ದಾರಿ ತೆರೆಯುತ್ತದೆ.

ನಮ್ಮಲ್ಲೂ ಕಾನೂನಿನ ಬಲ ಇಲ್ಲದಿಲ್ಲ. ಅಂಧರಿಗೆ ಓದಲು ಬರುವಂತೆ ಪುಸ್ತಕದ ಪ್ರತಿ ಮಾಡಿಕೊಳ್ಳಲು 2012ರ ಕೃತಿಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ 2013ರ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಸ್ಥಿರೀಕರಿಸಿದ ದೇಶ ಭಾರತವೇ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಲೈಬ್ರರಿಯೂ ಆರಂಭವಾಯಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕಗಳು ಬಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ.

ಆದ್ದರಿಂದ ಸೋದರಿಯರೇ, ನಿಮ್ಮ ಮಕ್ಕಳ ಕಾಲೇಜಿನ ಲೈಬ್ರರಿ ಓದುವ ಯಂತ್ರ ಎರವಲು ಕೊಡುತ್ತದೆಂದು ಕೇಳಿದರೆ ಸಂತೋಷಪಡಿ. ಬೆಲೆ ತೆರಲಾರದ ಮಗುವಿಗೂ ಅದು ಸಿಗುತ್ತದಲ್ಲ! ಸಂತೋಷದ ಜೊತೆಗೆ ಮೂರು ಪ್ರಶ್ನೆ ಕೇಳಿ: ಇದರಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆಯೇ? ಅಕ್ಷರ ಎಷ್ಟು ದೊಡ್ಡದಾಗುತ್ತದೆ? ಕಣ್ಣು ಕಾಣದ ಮಗು ಯಾರ ನೆರವೂ ಇಲ್ಲದೆ ಇದರಲ್ಲಿ ಪುಸ್ತಕ ತೆರೆಯಬಹುದೇ? ಕೊಂಡ ಮೇಲೆ ಕೇಳಿದರೆ ಕಷ್ಟ. ಕೊಳ್ಳುವ ಮೊದಲೇ ಕೇಳಿ, ನಿಮ್ಮ ಮಕ್ಕಳ ಕಣ್ಣು ಚೆನ್ನಾಗಿದ್ದರೂ ಕೇಳಿ.